ಡಿಂಗಿಯ ಮೋಟರ್ ಎಲ್ಲಿಡಬೇಕು? ನಾಲ್ಕು ಕಡೆ ಇಟ್ಟು ನೋಡಿದೆ

ಮೋಟರ್‌ಬೋಟಿನಲ್ಲಿ ದಿನಗಟ್ಟಲೆ ಸುತ್ತುವವರಿಗೆ ಡಿಂಗಿ, ಅಂದರೆ ಜೊತೆಗೊಯ್ಯುವ ಪುಟ್ಟ ದೋಣಿ, ಬೇಕೇ ಬೇಕು. ಲಂಗರು ಹಾಕಿದ ಮೇಲೆ ದಡಕ್ಕೆ ಹೋಗಿಬರುವುದು ಅದರಲ್ಲೇ ಅಲ್ವಾ? ಡಿಂಗಿಯನ್ನು ಹೇಗೋ ಕಟ್ಟಿಡಬಹುದು. ಅದರ ಹಿಂಬದಿಗೆ ಕಚ್ಚಿಸುವ ಪುಟ್ಟ ಔಟ್‌ಬೋರ್ಡ್ ಮೋಟರಿಗೆ ಜಾಗ ಹುಡುಕುವುದೇ ಕಷ್ಟ. ನನ್ನದು ಎರಡೂವರೆ ಹಾರ್ಸ್‌ಪವರಿನ ಫೋರ್ ಸ್ಟ್ರೋಕ್. ತೂಕ 17 ಕಿಲೋ.

ನೆಲದ ಮೇಲೆ ನಿಂತು ಎತ್ತಿದರೆ 17 ಕಿಲೋ ಏನೂ ಅಲ್ಲ. ಆದರೆ ಅಲುಗಾಡುವ ಡಿಂಗಿಯಲ್ಲಿ ನಿಂತು, ಕೈ ಚಾಚಿ, ಎದೆಮಟ್ಟದಿಂದ ಮೇಲಿನವರಿಗೆ ದಾಟಿಸಬೇಕು. ಆಗ ಅದೇ ತೂಕ ತೋಳನ್ನೇ ಕೀಳುತ್ತದೆ. ಹಾಗಾಗಿ ಪ್ರತಿ ಜಾಗಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಸುಸ್ತಾಗಿರುವ ಸಂಜೆ, ಗಾಳಿ ಎದ್ದಿರುವಾಗ, ಇದನ್ನು ಅಲ್ಲಿಗೆ ಸಾಗಿಸಲು ಮನಸ್ಸು ಬರುತ್ತದಾ?

ಡಿಂಗಿಯಲ್ಲೇ ಬಿಡುವುದು ಎಲ್ಲಕ್ಕಿಂತ ಸುಲಭ. ಡಿಂಗಿಯನ್ನು ಬೋಟಿನ ಹಿಂಭಾಗದಿಂದ ಚಾಚಿದ ಎತ್ತುವ ತೋಳುಗಳಾದ ಡೇವಿಟ್‌ಗಳಲ್ಲಿ ಮಟ್ಟವಾಗಿ ತೂಗುಹಾಕುವ ಬೋಟಾದರೆ, ಹತ್ತಿರದ ಓಡಾಟಕ್ಕೆ, ತಿಳಿಯಾದ ನೀರಿನಲ್ಲಿ ಸಾಕು. ಅಲೆ ಏರಿದರೆ ತೂಕವೆಲ್ಲ ಡಿಂಗಿಯ ಹಿಂದಿನ ಹಲಗೆಯನ್ನು ಜಗ್ಗುತ್ತದೆ. ಡಿಂಗಿಯನ್ನು ಪಕ್ಕಕ್ಕೆ ಮಗುಚಿ ಬೋಟಿನ ಹಿಂಭಾಗಕ್ಕೆ ಆನಿಸಿಡುವ ವ್ಯವಸ್ಥೆಯಲ್ಲಂತೂ ಮೋಟರೂ ಅಡ್ಡ ಬೀಳುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸುವ ತಿರುಗುವ ಬ್ರಾಕೆಟ್ ಇಲ್ಲದಿದ್ದರೆ ಮೊದಲು ಬಿಚ್ಚಲೇಬೇಕು.

ಬೋಟಿನಲ್ಲಿ ಸಾಮಾನಿಡುವ ಲಾಕರ್ ಒಳಗೆ ಮಲಗಿಸಿಡುವುದನ್ನು ಎರಡನೆಯದಾಗಿ ನೋಡಿದೆ. ಬಿಸಿಲಿಲ್ಲ, ಉಪ್ಪು ನೀರಿಲ್ಲ, ಕಳ್ಳರ ಕಣ್ಣೂ ಬೀಳುವುದಿಲ್ಲ. ಆದರೆ ಫೋರ್ ಸ್ಟ್ರೋಕ್ ಮೋಟರನ್ನು ಎಲ್ಲ ಮಗ್ಗುಲಿಗೂ ಮಲಗಿಸುವಂತಿಲ್ಲ. ಯಾವ ಮಗ್ಗುಲು ಅನ್ನುವುದು ಕೈಪಿಡಿಯಲ್ಲಿ ಇರುತ್ತದೆ. ನಾನು ಒಮ್ಮೆ ಕತ್ತಲಲ್ಲಿ ತಪ್ಪು ಮಗ್ಗುಲಿಗೆ ಮಲಗಿಸಿದ್ದೆ. ಬೆಳಿಗ್ಗೆ ಸ್ಟಾರ್ಟರ್ ಹಗ್ಗ ಎಳೆದರೆ ಒಂದು ಗೇಣು ಬಂದು ಗಟ್ಟಿಯಾಗಿ ನಿಂತುಬಿಟ್ಟಿತು. ಆಯಿಲ್ ಸಿಲಿಂಡರಿಗೆ ಇಳಿದಿತ್ತು. ಹಟಕ್ಕೆ ಬಿದ್ದು ಎಳೆಯದೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತೂತಿಗೆ ಬಟ್ಟೆ ಹಿಡಿದು ಮೆಲ್ಲಗೆ ಹಗ್ಗ ಎಳೆದಾಗ ಬಟ್ಟೆ ಆಯಿಲಿನಲ್ಲಿ ತೊಯ್ದುಹೋಯಿತು. ಅಂದೇ ಸರಿಯಾದ ಮಗ್ಗುಲಿನ ಮೇಲೆ ಪೇಂಟಿನಲ್ಲಿ ದೊಡ್ಡ ಬಾಣ ಬರೆದೆ. ಇನ್ನೊಂದು ಮಾತು. ಮಲಗಿಸುವ ಮೊದಲು ನೆಟ್ಟಗೆ ಹಿಡಿದು ನೀರೆಲ್ಲ ಇಳಿಸಬೇಕು. ಮಲಗಿಸಿದಾಗಲೂ ಇಂಜಿನ್ ಇರುವ ತಲೆ, ಪ್ರೊಪೆಲ್ಲರ್ ತುದಿಗಿಂತ ಮೇಲೇ ಇರಬೇಕು. ಇಲ್ಲದಿದ್ದರೆ ಉಳಿದ ನೀರು ಇಂಜಿನ್ನಿನ ಕಡೆ ಹರಿಯುತ್ತದೆ.

ಲಾಕರನ್ನು ನಾನು ಬಿಟ್ಟಿದ್ದು ಮಾತ್ರ ಪೆಟ್ರೋಲಿನಿಂದ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ನನ್ನ ಲಾಕರಿನಿಂದ ಇಂಜಿನ್ ರೂಮಿಗೆ ವೈರ್ ಹೋಗುವ ತೂತಿತ್ತು, ಆ ಕಡೆ ಬ್ಯಾಟರಿ, ಪಂಪು, ಸ್ವಿಚ್ಚು ಎಲ್ಲ ಇದ್ದವು. ಕಾರ್ಬ್ಯುರೇಟರ್ ಖಾಲಿ ಮಾಡಿದರೂ ಟ್ಯಾಂಕಿನ ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಅಡಿಯಿಂದಲೇ ಗಾಳಿ ನೇರ ಹೊರಗೆ ಹೋಗುವಂಥ, ಬೇರೆ ಯಾವುದಕ್ಕೂ ಸೇರದ ಲಾಕರ್ ಇದ್ದರೆ ಸರಿ. ಅಂಥದ್ದು ಇಲ್ಲದ ಬೋಟಿನಲ್ಲಿ ಪೆಟ್ರೋಲ್ ಮೋಟರನ್ನು ಒಳಗಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮೂರನೆಯದು ಬೋಟಿನ ಹಿಂದೆ, ನೀರಿನ ಮಟ್ಟಕ್ಕೆ ಹತ್ತಿರ, ಈಜಲು ಇಳಿಯುವ ಕಟ್ಟೆಯ ಮೇಲೆ ಬ್ರಾಕೆಟ್. ಎತ್ತುವ ಎತ್ತರ ತೀರಾ ಕಡಿಮೆ, ಬೆನ್ನಿಗೆ ಬಲು ಹಿತ. ಆದರೆ ನಮ್ಮದು ಓಡುವ ಬೋಟು. ಹಿಂದೆ ಏಳುವ ನೀರು ಅದಕ್ಕೇ ಬಡಿಯುತ್ತದೆ, ಡೀಸೆಲ್ ಹೊಗೆಯ ಮಸಿ ಅದರ ಮೇಲೇ ಕೂರುತ್ತದೆ. ಹಿಂಭಾಗವನ್ನು ಗೋಡೆಗೆ ಕೊಟ್ಟು ನಿಲ್ಲಿಸುವಾಗ ಮೊದಲು ತಾಗುವುದೂ ಅದೇ. ಕೆಲವೇ ದಿನದಲ್ಲಿ, ಮೋಟರನ್ನು ಹಲಗೆಗೆ ಕಚ್ಚಿ ಹಿಡಿಯುವ ಕ್ಲ್ಯಾಂಪಿನ ತಿರುಪು ಉಪ್ಪು ಹಿಡಿದು ಬಿಗಿಯಾಯಿತು. ನನಗೆ ಸರಿಬರಲಿಲ್ಲ.

ಕೊನೆಗೆ ನಿಂತದ್ದು ಹಿಂದಿನ ರೇಲಿಂಗಿನಲ್ಲಿ. ಮೋಟರ್ ನೆಟ್ಟಗಿರುತ್ತದೆ, ಗಾಳಿಯಾಡುತ್ತದೆ, ಪೆಟ್ರೋಲ್ ಆವಿ ಹೊರಗೇ ಹೋಗುತ್ತದೆ. ಮೊದಲ ಸಲ ಮಾತ್ರ ಬ್ರಾಕೆಟನ್ನು ಮೇಲಿನ ಪೈಪೊಂದಕ್ಕೇ ಕಟ್ಟಿದ್ದೆ. ಅಲೆಗೆ ಸಿಕ್ಕಾಗ ಬ್ರಾಕೆಟ್ ಪೈಪಿನ ಸುತ್ತ ತಿರುಗತೊಡಗಿತು. ಆಮೇಲೆ ನೋಡಿದರೆ ರೇಲಿಂಗ್ ಕಂಬದ ಬುಡಕ್ಕೆ ನೀರು ನುಗ್ಗದಂತೆ ಹಾಕಿದ ಸೀಲಂಟಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಡೆಕ್ ಮೇಲೆ ಚಹಾ ಬಣ್ಣದ ಗೆರೆ. ಈಗ ಬ್ರಾಕೆಟ್ ಮೂಲೆಯಲ್ಲಿದೆ. ಅಲ್ಲಿ ಎರಡು ಕಂಬ ಹತ್ತಿರ ಹತ್ತಿರ ಇವೆ. ಅಡ್ಡ ಪೈಪು, ನಿಂತ ಪೈಪು ಎರಡನ್ನೂ ಹಿಡಿದಿದೆ. ಡೆಕ್ಕಿನ ಅಡಿಯಲ್ಲಿ ಬೋಲ್ಟುಗಳಿಗೆ ಅಗಲವಾದ ಲೋಹದ ಪಟ್ಟಿ ಕೊಟ್ಟೆ.

ಮೋಟರ್ ಕಚ್ಚಿಸುವ ಬ್ರಾಕೆಟ್ಟಿನ ಹಲಗೆಯನ್ನೂ ಬದಲಿಸಿದೆ. ಪ್ಲೈವುಡ್ ನೀರು ಕುಡಿದು ಊದಿತು, ಒಣಗಿದಾಗ ಕ್ಲ್ಯಾಂಪು ಸಡಿಲವಾಯಿತು. ದಪ್ಪ ಪ್ಲಾಸ್ಟಿಕ್ ಹಲಗೆ ಊದುವುದಿಲ್ಲ, ಆದರೆ ಜಾರುತ್ತದೆ. ಕ್ಲ್ಯಾಂಪಿನ ಬಿಲ್ಲೆಗಳು ಕೂರುವ ಕಡೆ ಎರಡು ಗುಳಿ ಕೊರೆದ ಮೇಲೆ ಮೇಲಕ್ಕೆ ಸರಿಯುವ ಭಯ ಹೋಯಿತು. ಆದರೂ ಹೊರಡುವ ಮೊದಲು ತಿರುಪು ಬಿಗಿ ಇದೆಯಾ ಅಂತ ಕೈಯಿಂದಲೇ ನೋಡುತ್ತೇನೆ. ಬೋಟಿನ ಇಂಜಿನ್ ನಡುಕಕ್ಕೆ ಎಷ್ಟೋ ಸಲ ಅರ್ಧ ಸುತ್ತು ಸಡಿಲವಾಗಿರುತ್ತದೆ. ಮೋಟರಿನ ಕಾಲು ಅತ್ತಿತ್ತ ತೂಗದಂತೆ ಅದನ್ನೂ ಕಂಬಕ್ಕೆ ಕಟ್ಟುತ್ತೇನೆ.

ರೇಲಿಂಗಿನ ಕೊರತೆ ಎತ್ತರ. ಅದಕ್ಕೆ ರಾಟೆ ಬೇಕೇ ಬೇಕು. ನಾನು ನಾಲ್ಕು ಎಳೆಯ ರಾಟೆ ಹಾಕಿದ್ದೇನೆ. 17 ಕಿಲೋಗೆ ಲೆಕ್ಕದಲ್ಲಿ ನಾಲ್ಕೂಕಾಲು ಕಿಲೋ, ಉಜ್ಜಾಟ ಸೇರಿದರೆ ಸ್ವಲ್ಪ ಜಾಸ್ತಿ ಎಳೆಯಬೇಕು. ಒಂದು ಮೀಟರ್ ಎತ್ತಲು ನಾಲ್ಕು ಮೀಟರ್ ಹಗ್ಗ ಎಳೆಯಬೇಕು ನಿಜ, ಆದರೆ ಕೈ ನಡುಗುವುದಿಲ್ಲ.

ಹೊಸದು ಕೊಳ್ಳುವವರಾದರೆ ತೂಕವನ್ನೇ ಮೊದಲು ನೋಡಿ. ಹೋಂಡಾ ಬಿಎಫ್ 2.3, ಸುಜುಕಿ ಡಿಎಫ್ 2.5 ಸುಮಾರು ಹದಿಮೂರೂವರೆ ಕಿಲೋ ಅಷ್ಟೇ. ನಾಲ್ಕರಿಂದ ಆರು ಹಾರ್ಸ್‌ಪವರಿನವು 25 ಕಿಲೋ ಆಸುಪಾಸು. ಅವನ್ನು ರೇಲಿಂಗಿಗೆ ಹಾಕುವ ಧೈರ್ಯ ನನಗಿಲ್ಲ, ಚಿಕ್ಕ ಕ್ರೇನ್ ಇದ್ದು ಡಿಂಗಿಯನ್ನು ಮೇಲಿನ ಡೆಕ್ಕಿನಲ್ಲಿ ಮೋಟರ್ ಸಮೇತ ಇಡುವುದೇ ವಾಸಿ. ಟಾರ್ಕೀಡೋ ಟ್ರಾವೆಲ್‌ನಂಥ ಎಲೆಕ್ಟ್ರಿಕ್ ಮೋಟರುಗಳ ಬ್ಯಾಟರಿಯನ್ನು ಬಿಚ್ಚಿ ಬೇರೆಯೇ ದಾಟಿಸಬಹುದು. ಪೆಟ್ರೋಲೂ ಇಲ್ಲ, ಆಯಿಲ್ ಇಳಿಯುವ ಭಯವೂ ಇಲ್ಲ. ಲಾಕರ್ ಅವಕ್ಕೇ ಸರಿ, ಬ್ಯಾಟರಿ ಕಾಯದಂತೆ ಇಂಜಿನ್ ರೂಮಿನಿಂದ ದೂರ ಇಟ್ಟರಾಯಿತು.

ಯಾವ ಜಾಗ ಆರಿಸಿದರೂ, ಕ್ಲ್ಯಾಂಪ್ ಸಡಿಲಿಸುವ ಮೊದಲು ಮೋಟರಿನ ಹಿಡಿಕೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಬೋಟಿಗೆ ಬಿಗಿಯಿರಿ. ನನ್ನ ಹಗ್ಗ ಕೆಂಪು ಬಣ್ಣದ್ದು. ಕತ್ತಲಲ್ಲೂ ಅದು ಇದೆಯಾ ಇಲ್ಲವಾ ಅಂತ ಟಾರ್ಚ್ ಬಿಟ್ಟ ಕೂಡಲೇ ಕಾಣುತ್ತದೆ.