ಕನ್ನಡ ಬರೆಯುವ ಬಾಕ್ಸಿಗೆ ಯಾವ ಸ್ಪೆಲ್ ಚೆಕ್?

ಓದುಗರು ಬರಹ ಕಳಿಸುವ ಸೈಟೊಂದಕ್ಕೆ ಸ್ಪೆಲ್ ಚೆಕ್ ಬೇಕಿತ್ತು, ಇಂಗ್ಲಿಷ್ ಕನ್ನಡ ಎರಡಕ್ಕೂ. ಸಿಕ್ಕಿದ ದಾರಿಗಳನ್ನೆಲ್ಲ ಹಾಕಿ ನೋಡಿದೆ.

ಸುಲಭದ್ದು ಬ್ರೌಸರಿನದೇ. ಟೆಕ್ಸ್ಟ್‌ಏರಿಯಾಗೆ, ಅಂದರೆ ಪೇಜಿನಲ್ಲಿ ಬರೆಯುವ ಬಾಕ್ಸಿಗೆ, ಸ್ಪೆಲ್‌ಚೆಕ್ ಆಟ್ರಿಬ್ಯೂಟ್ ಕೊಟ್ಟರೆ ಮುಗಿಯಿತು. ಇಂಗ್ಲಿಷಿಗೆ ಇಷ್ಟೇ ಸಾಕು, ಸುಮ್ನೆ ಲೈಬ್ರರಿ ತುಂಬಬೇಡಿ. ಕನ್ನಡಕ್ಕೆ ಮಾತ್ರ ಬರೆಯುವವರ ಬ್ರೌಸರಿನಲ್ಲೇ ಕನ್ನಡ ಡಿಕ್ಷನರಿ ಇರಬೇಕು. ಅದನ್ನು ಹಾಕಿಕೊಂಡವರು ಎಷ್ಟು ಜನ ಇದ್ದಾರು? ಮೇಲಾಗಿ ಯಾವ ಪದಕ್ಕೆ ಕೆಂಪು ಗೆರೆ ಬಿತ್ತು ಅಂತ ಬ್ರೌಸರ್ ನಮ್ಮ ಸ್ಕ್ರಿಪ್ಟಿಗೆ ಹೇಳುವುದಿಲ್ಲ.

ಮುಂದಿನದು ಜಾವಾಸ್ಕ್ರಿಪ್ಟ್ ಲೈಬ್ರರಿಗಳು. ಟೈಪೋ.ಜೆಎಸ್, ಎನ್‌ಸ್ಪೆಲ್ ಎರಡೂ ಹನ್‌ಸ್ಪೆಲ್ ಎಂಬ ಸ್ಪೆಲ್ ಚೆಕ್ಕರಿನ ಡಿಕ್ಷನರಿಯನ್ನೇ ಓದುತ್ತವೆ. ಒಂದು ಫೈಲಿನಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯದ ನಿಯಮಗಳು. ಬಳಸುವುದಕ್ಕೆ ನನಗೆ ಎನ್‌ಸ್ಪೆಲ್ ಹಿಡಿಸಿತು. ಊರು, ಮನುಷ್ಯರ ಹೆಸರುಗಳನ್ನು ಆಮೇಲೆ ಸೇರಿಸುವುದು ಅದರಲ್ಲಿ ಒಂದೇ ಸಾಲಿನ ಕೆಲಸ. ಆದರೆ ಎರಡೂ ಲೋಡ್ ಆಗುವಾಗಲೇ ನಿಯಮ ಹಚ್ಚಿ ಎಲ್ಲ ರೂಪಗಳನ್ನೂ ಮೆಮೊರಿಗೆ ಬಿಡಿಸಿಕೊಳ್ಳುತ್ತವೆ. ಇಂಗ್ಲಿಷಿಗೆ ಪರವಾಗಿಲ್ಲ. ಕನ್ನಡದಲ್ಲಿ 'ಮನೆ' ಒಂದಕ್ಕೇ ಮನೆಯಲ್ಲಿ, ಮನೆಯಿಂದಲೇ, ಮನೆಗಳಲ್ಲೂ, ಮನೆಯವರಿಗಾದರೂ ಅಂತ ಬೆಳೆಯುತ್ತಾ ಹೋಗುತ್ತದೆ ಅಲ್ವಾ? ನಿಯಮ ಜಾಸ್ತಿ ಮಾಡಿದಷ್ಟೂ ಹಳೇ ಫೋನಿನಲ್ಲಿ ಪೇಜ್ ಹೆಪ್ಪುಗಟ್ಟಿತು. ನಿಯಮ ಕಡಿಮೆ ಮಾಡಿದರೆ ಸರಿ ಪದಗಳಿಗೂ ಕೆಂಪು ಗೆರೆ.

ಹನ್‌ಸ್ಪೆಲ್‌ನ ವೆಬ್‌ಅಸೆಂಬ್ಲಿ ರೂಪ, ಅಂದರೆ ಬ್ರೌಸರಿನೊಳಗೇ ಓಡುವಂತೆ ಕಂಪೈಲ್ ಮಾಡಿದ್ದು, ಇಲ್ಲಿ ಗೆದ್ದಿತು. ಮೂಲತಃ ಹಂಗೇರಿಯನ್‌ಗೆ ಮಾಡಿದ್ದು ಹನ್‌ಸ್ಪೆಲ್. ಅದೂ ನಮ್ಮಂತೆ ಪ್ರತ್ಯಯ ಪೋಣಿಸುವ ಭಾಷೆ. ಹನ್‌ಸ್ಪೆಲ್ ಪದ ಕೈಗೆ ಬಂದಾಗಲೇ ಬಾಲ ಕಳಚಿ ನೋಡುತ್ತದೆ, ಎರಡು ಪ್ರತ್ಯಯದವರೆಗೆ. ಡೌನ್‌ಲೋಡ್ ಸ್ವಲ್ಪ ದೊಡ್ಡದು. ಪೇಜಿನ ಹಿನ್ನೆಲೆಯಲ್ಲಿ ಬೇರೆಯಾಗಿ ಕೆಲಸ ಮಾಡುವ ವೆಬ್ ವರ್ಕರ್‌ನಲ್ಲಿ ಓಡಿಸಿದರೆ ಟೈಪ್ ಮಾಡುವವರಿಗೆ ತಡೆ ಗೊತ್ತಾಗುವುದಿಲ್ಲ.

ಯಾವುದನ್ನೇ ಆರಿಸಿ, ಬರಹವನ್ನು ಪದ ಪದವಾಗಿ ಬಿಡಿಸುವ ಕೆಲಸ ನಿಮ್ಮದೇ. ಜಾವಾಸ್ಕ್ರಿಪ್ಟ್ ರೆಜೆಕ್ಸಿನ (ಬರಹದಲ್ಲಿ ಮಾದರಿ ಹುಡುಕುವ ಸೂತ್ರ) ಮಾಮೂಲಿ ಪದ-ಗುರುತಿಗೆ ಕನ್ನಡ ಅಕ್ಷರವೇ ಕಾಣುವುದಿಲ್ಲ. ಯೂನಿಕೋಡಿನ 'ಲೆಟರ್' ಗುಂಪು ಮಾತ್ರ ಹಿಡಿದರೆ 'ಕನ್ನಡ' ಒಡೆದು 'ಕನ', 'ನಡ' ಆಗುತ್ತದೆ. ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ (್) 'ಮಾರ್ಕ್' ಗುಂಪಿನಲ್ಲಿದೆ, ಗುಣಿತದ ಚಿಹ್ನೆಗಳೂ ಅಲ್ಲೇ. ಎರಡೂ ಗುಂಪು ಬೇಕು. 'ರಾಜ್‌ಕುಮಾರ್' ಒಳಗೆ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುತ್ತಾ ಕಣ್ಣಿಗೆ ಕಾಣದೆ ಕೂತಿರುವ ನಾನ್-ಜಾಯ್ನರ್ ಈ ಎರಡರಲ್ಲೂ ಇಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು.

ಈಗ ಇಂಗ್ಲಿಷನ್ನು ಬ್ರೌಸರಿಗೆ, ಕನ್ನಡವನ್ನು ಹನ್‌ಸ್ಪೆಲ್‌ಗೆ ಬಿಟ್ಟಿದ್ದೇನೆ. ಟೆಕ್ಸ್ಟ್‌ಏರಿಯಾ ಒಳಗೆ ನಾವೇ ಗೆರೆ ಎಳೆಯಲು ಬರುವುದಿಲ್ಲವಾದ್ದರಿಂದ ಅನುಮಾನದ ಪದಗಳನ್ನು ಬಾಕ್ಸಿನ ಕೆಳಗೆ ಪಟ್ಟಿ ಮಾಡಿ ತೋರಿಸುತ್ತೇನೆ. ಒತ್ತಿದರೆ ಆ ಪದ ಸೆಲೆಕ್ಟ್ ಆಗುತ್ತದೆ.