ಗಾಲ್ಫ್ ಕಾರ್ಟ್ ರಿವರ್ಸ್: ದಪ್ಪ ಸ್ವಿಚ್ಚೋ, ಕಾಂಟ್ಯಾಕ್ಟರೋ?

ರೆಸಾರ್ಟಿನಲ್ಲಿ ಅತಿಥಿಗಳನ್ನು ಕಾಟೇಜಿಗೆ ಬಿಡುವ ಹಳೇ 36 ವೋಲ್ಟ್ ಗಾಲ್ಫ್ ಕಾರ್ಟ್‌ಗಳಲ್ಲಿ, ಬ್ಯಾಟರಿ ಬಿಟ್ಟರೆ ಮೊದಲು ಕೈಕೊಡುವುದು ಸೀಟಿನ ಕೆಳಗಿನ ಫಾರ್ವರ್ಡ್-ರಿವರ್ಸ್ ಸ್ವಿಚ್. ಅದರಲ್ಲೂ ನಮ್ಮ ಕೊಡಗಿನ ಏರಿನಲ್ಲಿ. "ಅಣ್ಣಾ, ರಿವರ್ಸ್ ಹಾಕಿದ್ರೆ ಸುಟ್ಟ ವಾಸನೆ ಬರ್ತದೆ" ಎಂದು ಡ್ರೈವರ್ ಹುಡುಗರು ಹೇಳಿದರೆ ನಾನು ಮೊದಲು ಬಿಚ್ಚುವುದು ಅದನ್ನೇ.

ಇವು ಸೀರೀಸ್ ಮೋಟರ್‌ಗಳು, ಅಂದರೆ ತಿರುಗುವ ಆರ್ಮೇಚರಿನಲ್ಲೂ ಅದರ ಸುತ್ತ ಅಲುಗದೆ ಕೂತ ಫೀಲ್ಡ್ ಸುರುಳಿಯಲ್ಲೂ ಒಂದೇ ಕರೆಂಟ್ ಸಾಲಾಗಿ ಹರಿಯುತ್ತದೆ. ದಿಕ್ಕು ಬದಲಾಗಬೇಕಾದರೆ ಆರ್ಮೇಚರನ್ನು ಹಾಗೇ ಬಿಟ್ಟು ಫೀಲ್ಡಿನ ಎಸ್1, ಎಸ್2 ತುದಿಗಳನ್ನು ಅದಲುಬದಲು ಮಾಡಬೇಕು. ಹಾಗಾಗಿ ಮೋಟರ್ ಎಳೆಯುವಷ್ಟೂ ಕರೆಂಟ್ ಆ ಲಿವರಿನ ತಾಮ್ರದ ಪಟ್ಟಿಗಳ ಮೇಲೇ ಹಾಯುತ್ತದೆ. ಏರಿನಲ್ಲಿ 200 ಆಂಪ್ ಏನೂ ದೊಡ್ಡದಲ್ಲ. ಕಪ್ಪುಗಟ್ಟಿದ ಪಟ್ಟಿಯಲ್ಲಿ 5 ಮಿಲಿಓಮ್ ರೋಧ ಸೇರಿಕೊಂಡರೆ ಅಲ್ಲೇ 200 ವ್ಯಾಟ್ ಬಿಸಿ. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ? ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಕೂರಿಸುವುದು ಮಳೆಗಾಲದವರೆಗಿನ ಮಾತು, ಅಷ್ಟೇ.

ಒಂದು ಗಾಡಿಗೆ ಹೆವಿ ಡ್ಯೂಟಿ ಲಿವರ್ ಸ್ವಿಚ್ ಹಾಕಿದೆ. ಹಳೇ 6 ಗೇಜ್ ಕೇಬಲ್ ಅಂದರೆ ಸುಮಾರು 13 ಚದರ ಮಿಮೀ. ಅದನ್ನು ತೆಗೆದು 35 ಚದರ ಮಿಮೀ ವೆಲ್ಡಿಂಗ್ ಕೇಬಲ್ ಎಳೆದು, ತುದಿಯ ಲೋಹದ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದೆ. ಫಲ ತಕ್ಷಣ ಕಾಣಿಸಿತು. ಏರಿನಲ್ಲಿ ಮಲ್ಟಿಮೀಟರ್ ಹಿಡಿದರೆ ಮೊದಲು ಒಂದು ವೋಲ್ಟ್ ಹತ್ತಿರ ಬೀಳುತ್ತಿದ್ದ ಜಾಗದಲ್ಲಿ ಮುಳ್ಳು ಅಲುಗಿದ್ದೇ ಕಡಿಮೆ. ನನ್ನ ಲೆಕ್ಕದಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಪುಣ್ಯ ಕೇಬಲ್ಲಿಗೂ ಲಗ್ಗಿಗೂ ಸೇರಬೇಕು, ಸ್ವಿಚ್ಚಿಗಲ್ಲ. ಲಿವರ್ ಮಾತ್ರ ಬಿಗಿ. ಹೊಸ ಹುಡುಗರು ಅರ್ಧಕ್ಕೇ ನಿಲ್ಲಿಸಿ ಪೆಡಲ್ ಒತ್ತುತ್ತಾರೆ. ಲಿವರಿನ ಮೈಕ್ರೋಸ್ವಿಚ್ ಸರಿಯಾಗಿ ಕೂತಿದ್ದರೆ ಆಗ ಸೊಲೆನಾಯ್ಡ್ (ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಮುಖ್ಯ ರಿಲೇ) ಎಳೆಯುವುದೇ ಇಲ್ಲ, ಪಟ್ಟಿ ಉಳಿಯುತ್ತದೆ. ಆ ಮೈಕ್ರೋಸ್ವಿಚ್ಚನ್ನು ಬೈಪಾಸ್ ಮಾಡಿದ ಗಾಡಿಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದಕ್ಕೆ ರಿವರ್ಸಿಂಗ್ ಕಾಂಟ್ಯಾಕ್ಟರ್, ಆಲ್‌ಬ್ರೈಟ್ ಎಸ್‌ಡಬ್ಲ್ಯು202 ಮಾದರಿಯದು. ಕಾಂಟ್ಯಾಕ್ಟರ್ ಅಂದರೆ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟಿನ ದಾರಿ ಬದಲಿಸುವ ದಪ್ಪ ರಿಲೇ. ಒಂದೇ ತಳದ ಮೇಲೆ ಎರಡು ಚೇಂಜ್‌ಓವರ್ ಕಾಂಟ್ಯಾಕ್ಟರ್. ಎಸ್1 ಒಂದರ ನಡುವಿನ ತುದಿಗೆ, ಎಸ್2 ಇನ್ನೊಂದರದಕ್ಕೆ. ಎರಡರ ಎನ್‌ಓ ತುದಿಗಳನ್ನು (ಕಾಯಿಲ್ ಎಳೆದಾಗ ಮಾತ್ರ ನಡುವಿನ ತುದಿಗೆ ಸೇರುವವು) ಸೇರಿಸಿ ಆರ್ಮೇಚರಿಗೆ, ಎನ್‌ಸಿ ತುದಿಗಳನ್ನು (ಎಳೆಯದಿದ್ದಾಗ ಸೇರಿರುವವು) ಸೇರಿಸಿ ವೇಗ ನಿಯಂತ್ರಿಸುವ ಕಂಟ್ರೋಲರಿನ ಎಂ ಮೈನಸ್ (ಮೋಟರ್ ಮೈನಸ್) ತುದಿಗೆ ಕೊಟ್ಟೆ. ಈ ಜೋಡಣೆಯ ಸೊಗಸು ನೋಡಿ: ಎರಡೂ ಬಿಟ್ಟಿದ್ದರೆ ದಾರಿಯೇ ಇಲ್ಲ, ಅದೇ ನ್ಯೂಟ್ರಲ್. ತಪ್ಪಿ ಎರಡೂ ಒಟ್ಟಿಗೆ ಎಳೆದರೂ ಶಾರ್ಟ್ ಆಗದು, ಗಾಡಿ ಸುಮ್ಮನೆ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬೆರಳಲ್ಲಿ ಒತ್ತುವ ಪುಟ್ಟ ಸ್ವಿಚ್ ಸಾಕು, ಏಕೆಂದರೆ ಅದರ ಮೇಲೆ ಹರಿಯುವುದು ಕಾಯಿಲಿನ ಕರೆಂಟ್ ಮಾತ್ರ.

ಕಿರಿಕಿರಿಯೂ ಇದೆ. ಪ್ರತಿ ಕಾಯಿಲಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಬೇಕು, ಗೆರೆ ಇರುವ ತುದಿ ಪ್ಲಸ್ ಕಡೆಗೆ; ಇಲ್ಲದಿದ್ದರೆ ಬಿಡುವಾಗ ಹುಟ್ಟುವ ವೋಲ್ಟೇಜಿಗೆ ಪುಟ್ಟ ಸ್ವಿಚ್ ಸುಟ್ಟುಹೋಗುತ್ತದೆ. ಕಾಯಿಲಿನ ಸಪ್ಲೈ ಕೀ ಮೂಲಕವೇ ಬರಲಿ, ಇಲ್ಲವಾದರೆ ರಾತ್ರಿಯಿಡೀ ಬ್ಯಾಟರಿ ಕುಡಿಯುತ್ತದೆ. ಸ್ವಿಚ್ ಇಷ್ಟು ಹಗುರವಾದ ಮೇಲೆ ಗಾಡಿ ಓಡುತ್ತಿರುವಾಗಲೇ ದಿಕ್ಕು ಬದಲಿಸುವ ಚಪಲವೂ ಹುಟ್ಟುತ್ತದೆ. ಹಾಗೆ ಮಾಡಿದರೆ ಕಂಟ್ರೋಲರಿಗೇ ಪೆಟ್ಟು. ಅದಕ್ಕೆ ಎತ್ತಿ ತಿರುಗಿಸುವ ಲಾಕಿನ ಟಾಗಲ್ ಹುಡುಕಿ ಹಾಕಿದೆ.

ಸಮತಟ್ಟಾದ ಗಾಲ್ಫ್ ಮೈದಾನ, ಅಪರೂಪಕ್ಕೆ ರಿವರ್ಸ್ ಆದರೆ ದಪ್ಪ ಕೇಬಲ್, ಒಳ್ಳೇ ಲಿವರ್ ಸಾಕು. ಕಾಂಟ್ಯಾಕ್ಟರಿನ ದುಡ್ಡು ದಂಡ. ಶೆಡ್ಡಿನಿಂದ ಏರಿಗೆ ರಿವರ್ಸ್‌ನಲ್ಲೇ ಹೊರಡಬೇಕಾದ ನಮ್ಮಂಥವರಿಗೆ ಕಾಂಟ್ಯಾಕ್ಟರೇ ಸರಿ. ಕೆಲಸ ಮುಗಿದ ಮೇಲೆ ಹಿಂದಿನ ಚಕ್ರ ಜಾಕ್ ಮೇಲೆತ್ತಿಯೇ ದಿಕ್ಕು ಪರೀಕ್ಷಿಸಿ. ರಿವರ್ಸ್ ಬಝರ್ ತಂತಿಯನ್ನು ರಿವರ್ಸ್ ಕಾಯಿಲಿನಿಂದಲೇ ತೆಗೆಯಬಹುದು, ಆದರೆ 36 ವೋಲ್ಟ್ ತಡೆಯುವ ಬಝರ್ ಕೊಳ್ಳಿ. 12 ವೋಲ್ಟಿನದಕ್ಕಾಗಿ ಎರಡೇ ಬ್ಯಾಟರಿಗಳಿಂದ ಕದ್ದರೆ ಆ ಎರಡು ಮಿಕ್ಕವುಗಳಿಗಿಂತ ಬೇಗ ಸೋಲುತ್ತವೆ.