ನಲ್ಲಿ ಇರುವ ಸ್ಟೀಲ್ ಕೆಟಲ್ ಕೊಳ್ಳುವ ಮೊದಲು ಆ ನಲ್ಲಿಯನ್ನು ಬಿಚ್ಚಿಸಿ ನೋಡಿ

ಕಳೆದ ಮೇ ತಿಂಗಳಲ್ಲಿ 30 ಲೀಟರ್ ಪುನರ್ಪುಳಿ (ಕೋಕಂ) ಪಾಕವನ್ನು ಚೆಲ್ಲಬೇಕಾಯಿತು. ಹಿರಿಯಡ್ಕದ ನಮ್ಮ ಹಿತ್ತಿಲಿನ ಹಣ್ಣು, ಅಮ್ಮ ಎರಡು ದಿನ ಕುಳಿತು ಬಿಡಿಸಿದ ಸಿಪ್ಪೆ. ಅಷ್ಟರಲ್ಲಿ ಮಳೆ ಹಿಡಿಯಿತು, ಆ ವರ್ಷಕ್ಕೆ ಮತ್ತೆ ಹಣ್ಣಿಲ್ಲ.

ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿ ಬಿಸಿಲಿಗಿಡುವುದು ನಮ್ಮ ರೂಢಿ. ಗೃಹಪ್ರವೇಶಕ್ಕೆ ಹೆಚ್ಚು ಬೇಕೆಂದು ಈ ಬಾರಿ ಕುದಿಸಲು ಹೊರಟೆ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಳಸುವಂಥ, ಬುಡದಲ್ಲಿ ನಲ್ಲಿ ಇರುವ ಸ್ಟೀಲ್ ಕೆಟಲ್ ಉಡುಪಿಯ ಒಂದು ಅಂಗಡಿಯಲ್ಲಿ ಸಿಕ್ಕಿತು. (ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ. ಪಾತ್ರೆ ಕೊಳ್ಳಲು ಆ ತೊಡಕಿಲ್ಲ.) ಅಂಗಡಿಯವರು ಅಯಸ್ಕಾಂತ ಹಿಡಿದು, ಅದು ಅಂಟದಿರುವುದನ್ನು ತೋರಿಸಿ, ಎಲ್ಲವೂ 304 ಸ್ಟೀಲ್, ಅಂದರೆ ಅಡುಗೆ ಪಾತ್ರೆಗೆ ಬಳಸುವ ಒಳ್ಳೆಯ ದರ್ಜೆಯದು, ಎಂದರು. ನಾನು ನಂಬಿದೆ.

ಪಾಕ ಕುದಿಸಿ, ರಾತ್ರಿ ಅದರಲ್ಲೇ ಆರಲು ಬಿಟ್ಟೆ. ಬೆಳಿಗ್ಗೆ ನಲ್ಲಿ ತಿರುಗಿಸಿ ಹಿಡಿದ ಮೊದಲ ಲೋಟವನ್ನು ಅಮ್ಮ ತುಟಿಗಿಟ್ಟು ಕೆಳಗಿಟ್ಟರು. "ಕಿಲುಬು ವಾಸನೆ" ಎಂದರು. ನಲ್ಲಿ ಬಿಚ್ಚಿಸಿದಾಗ ಒಳಗಿನ ಬೆಳ್ಳಿ ಹೊಳಪು ಸಿಪ್ಪೆಯಂತೆ ಎದ್ದಿತ್ತು, ಅದರಡಿ ಹಳದಿ ಹಿತ್ತಾಳೆ, ಅಂಚಿನಲ್ಲಿ ಹಸಿರು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಡಬಾರದೆಂದು ಅಜ್ಜಿ ಗದರುತ್ತಿದ್ದರು. ಅದೇ ಹಿತ್ತಾಳೆ ಲೇಪನ ಹೊದ್ದು ಬಂದಿತ್ತು. ಅದರಲ್ಲಿ ತಾಮ್ರ, ಸತುವು ಇರುತ್ತವೆ, ಎಷ್ಟೋ ಬಾರಿ ಸೀಸವೂ ಸೇರಿರುತ್ತದೆ. ಇದನ್ನು ತಿಳಿದ ಮೇಲೆ ಆ ಪಾಕವನ್ನು ಅತಿಥಿಗಳಿಗೆ ಹೇಗೆ ಕೊಡುವುದು?

ಅಯಸ್ಕಾಂತ ಹಿತ್ತಾಳೆಗೂ ಅಂಟುವುದಿಲ್ಲ. ನಿಕಲ್ ಕಡಿಮೆ ಇರುವ ಅಗ್ಗದ 202 ಸ್ಟೀಲಿಗೂ ಸಾಮಾನ್ಯವಾಗಿ ಅಂಟುವುದಿಲ್ಲ. ಹೀಗಾಗಿ ಆ ಪರೀಕ್ಷೆಗೆ ಬೆಲೆಯಿಲ್ಲ. ಕೊಳ್ಳುವ ಮುನ್ನ ನಲ್ಲಿಯನ್ನು ಕಳಚಿಸಿ, ಮರೆಯ ಮೂಲೆಯೊಂದನ್ನು ಅರದಿಂದ ಉಜ್ಜಿ ನೋಡಿ. ಹಳದಿ ಕಂಡರೆ ಬೇಡವೇ ಬೇಡ. ಸ್ಟೀಲ್ ನಲ್ಲಿಯಲ್ಲೂ ಮೂರು ಭಾಗಗಳಾಗಿ ಬಿಚ್ಚುವಂಥದ್ದನ್ನೇ ಕೇಳಿ. ಬಿಚ್ಚಲಾಗದ ನಲ್ಲಿಯೊಳಗೆ, ಹಿಡಿ ತಿರುಗಿಸಿದಾಗ ತಿರುಗುವ ಗುಂಡಿನ ಹಿಂದೆ, ಪಾಕ ನಿಂತು ಹುಳಿಯುತ್ತದೆ, ಎಷ್ಟು ತೊಳೆದರೂ ಅದು ಹೊರಬರುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ನಾನು ತಡವಾಗಿ ಹಾಕಿದೆ. ನನ್ನ ಕೆಟಲಿನ ಅಗಲ 36 ಸೆಂಟಿಮೀಟರ್, ನಲ್ಲಿಯ ತೂತು ತಳದಿಂದ 3 ಸೆಂಟಿಮೀಟರ್ ಮೇಲೆ. ಅಂದರೆ ಸುಮಾರು 3 ಲೀಟರ್ ಪಾಕ ಹೊರಗೆ ಬರುವುದೇ ಇಲ್ಲ. ಒಳಗಿನಿಂದ ತಳದತ್ತ ಬಾಗಿದ ಸ್ಟೀಲ್ ಕೊಳವೆ ಹಾಕಿಸಿದರೆ ಆ ತೊಂದರೆ ಬಹುಪಾಲು ತಪ್ಪುತ್ತದೆ.

ಜೋಡಣೆಯ ವಾಷರ್ ಸಿಲಿಕೋನಿನದಾಗಿರಲಿ. ತಣ್ಣೀರು ತುಂಬಿಸಿ ಸೋರುವುದಿಲ್ಲವೆಂದು ಬಿಟ್ಟುಬಿಡಬೇಡಿ, ಒಮ್ಮೆ ನೀರನ್ನೇ ಕುದಿಸಿ ನೋಡಿ. ನನ್ನದು ತಣ್ಣೀರಿನಲ್ಲಿ ಹನಿಯೂ ಸೋರಲಿಲ್ಲ, ಕುದಿ ಬಂದ ಮೇಲೆ ಒಲೆಯ ಉರಿಯ ಮೇಲೆಯೇ ತೊಟ್ಟಿಕ್ಕಿತು.

ಇಂಥ ಕೆಟಲ್ ಈಗಾಗಲೇ ಕೊಂಡವರು ಮುಂದಿನ ಬಾರಿ ಹುಳಿ ಹಾಕುವ ಮೊದಲು ನಲ್ಲಿಯನ್ನು ಬಿಚ್ಚಿ, ಒಳಗೆ ಬೆರಳಾಡಿಸಿ ನೋಡಿ. ಅಂಗಡಿಯವರು ನನ್ನದನ್ನು ಹಿಂದಕ್ಕೆ ಪಡೆಯಲಿಲ್ಲ. ಅದರಲ್ಲಿ ಈಗ ಸ್ನಾನದ ನೀರು ಕಾಯುತ್ತದೆ.